ಸಹಿಸಿಕೊಳ್ಳಬೇಡಿ, ಹೇಳಿ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳಿಗೆ ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತರೆ ಸಾಕು, ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. 1941ರಲ್ಲಿ ಆರಂಭವಾದ ಈ ಆಸ್ಪತ್ರೆಗೆ ಡೊಂಬಿವಿಲಿ, ಮೀರಾ ರೋಡ್‌ಗಳಲ್ಲಿ ನೆಲೆಸಿದ ನಮ್ಮವರೂ ಬರುತ್ತಾರೆ, ವಿಜಯಪುರ, ಕಲಬುರಗಿ, ಉಡುಪಿಯಿಂದ ಬಂದು ಮಗನ ಮನೆಯಲ್ಲಿ ಉಳಿದುಕೊಂಡ ತಾಯಂದಿರೂ ಬರುತ್ತಾರೆ. ಹಿಂದಿ, ಮರಾಠಿ ಬಾರದ ಅಂಥವರ ಜೊತೆಗೆ ಹೋಗುವವಳು ನಾನು. ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ‘ಕೈ ಭಾರವಾಗಿದೆ, ರಾತ್ರಿ ನಿದ್ದೆಯಿಲ್ಲ, ಬಾಯಿಗೆ ಏನೂ ಸೇರುವುದಿಲ್ಲ’ ಎಂದು ಹೇಳಿಕೊಂಡವರು, ವೈದ್ಯರು ಹೇಗಿದ್ದೀರಿ ಎಂದು ಕೇಳಿದ ಕೂಡಲೇ ‘ಆರಾಮಿದ್ದೇನೆ’ ಎಂದುಬಿಡುತ್ತಾರೆ. ವೈದ್ಯರ ಹೊತ್ತು ಕೆಡಿಸಬಾರದೆಂಬ ಸಂಕೋಚ, ಮನೆಯವರಿಗೆ ಹೊರೆಯಾದೆನೆಂಬ ಅಳುಕು.

ಈ ಸಹನೆಯನ್ನು ನಾವು ಹೆಣ್ಣುಮಕ್ಕಳ ಗುಣವೆಂದು ಹೊಗಳುತ್ತ ಬಂದಿದ್ದೇವೆ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರಿಂದ ಹಾನಿಯೇ ಹೆಚ್ಚು. ಸಮಯಕ್ಕೆ ಹೇಳಿದ್ದರೆ ಒಂದು ಮಾತ್ರೆಯಲ್ಲಿ, ಒಂದು ವ್ಯಾಯಾಮದಲ್ಲಿ ಹಿಡಿತಕ್ಕೆ ಬರುತ್ತಿದ್ದ ತೊಂದರೆಗಳು ವರ್ಷಗಟ್ಟಲೆ ಕಾಡುತ್ತವೆ. ಆದ್ದರಿಂದ ಇಲ್ಲಿ ಬರೆದಿರುವುದೆಲ್ಲ ಏನನ್ನು ಗಮನಿಸಬೇಕು, ಯಾವಾಗ ಹೇಳಬೇಕು ಎಂಬುದರ ಸುತ್ತಲೇ ಇದೆ. ನಿಮ್ಮ ಕಾಯಿಲೆಗೆ ತಕ್ಕಂತೆ ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತನ್ನೇ ನಡೆಸಿ.

ಮೊದಲ ಹೆಜ್ಜೆ: ಒಂದು ನೋಟುಪುಸ್ತಕ, ಒಬ್ಬರು ಜೊತೆಗಾರರು

ಇನ್ನೂರು ಪುಟದ ಸಾದಾ ನೋಟುಪುಸ್ತಕ ಸಾಕು. ಎಡಪುಟದಲ್ಲಿ ಆಯಾ ದಿನದ ತೊಂದರೆ: ಜ್ವರವೆಷ್ಟು, ವಾಂತಿ ಎಷ್ಟು ಸಲ, ನೋವು ಎಲ್ಲಿ, ಮಲವಿಸರ್ಜನೆ ಆಯಿತೇ ಇಲ್ಲವೇ. ಬಲಪುಟದಲ್ಲಿ ಮುಂದಿನ ಭೇಟಿಗೆ ಕೇಳಬೇಕಾದ ಪ್ರಶ್ನೆಗಳು. ಅಮ್ಮ ಕನ್ನಡದಲ್ಲೇ ಹೇಳಲಿ, ಮಗನೋ ಸೊಸೆಯೋ ಬರೆದುಕೊಳ್ಳಲಿ. ಹಿಂದಿನ ರಾತ್ರಿಯೇ ಹಿಂದಿಯಲ್ಲೋ ಮರಾಠಿಯಲ್ಲೋ ಹೇಗೆ ಕೇಳುವುದೆಂದು ಸಿದ್ಧಮಾಡಿಕೊಳ್ಳಲಿ. ವೈದ್ಯರ ಬಳಿ ಸಿಗುವುದು ಕೆಲವೇ ನಿಮಿಷ. ಅತಿ ಮುಖ್ಯವಾದ ಪ್ರಶ್ನೆ ಮೊದಲಿಗೆ ಬರಬೇಕು, ಎದ್ದು ಹೊರಡುವಾಗ ಬಾಗಿಲ ಬಳಿ ಅಲ್ಲ.

ಜೊತೆಗಾರರು ಆದಷ್ಟು ಒಬ್ಬರೇ ಇರಲಿ. ಪ್ರತಿ ಸಲ ಬೇರೆಯವರು ಬಂದರೆ ಹಿಂದಿನ ಸಲ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಆ ಜೊತೆಗಾರರು ಅಮ್ಮನ ಮಾತನ್ನು ಮೊಟಕುಗೊಳಿಸದೆ ಹೇಳಬೇಕು. ‘ಎದೆಯ ಹತ್ತಿರ ಉರಿ’ ಎಂದದ್ದನ್ನು ಮಗ ನಾಚಿಕೆಯಿಂದ ‘ಸ್ವಲ್ಪ ನೋವಂತೆ’ ಎಂದು ಹೇಳಿದರೆ ಚಿಕಿತ್ಸೆ ಬೇರೆ ದಾರಿ ಹಿಡಿಯಬಹುದು. ಮಗನೆದುರು ಹೇಳಲಾಗದ್ದೂ ಇರುತ್ತದೆ, ಅದಕ್ಕಾಗಿ ಒಂದೆರಡು ಭೇಟಿಗೆ ಹೆಂಗಸರೊಬ್ಬರು ಜೊತೆಗಿರಲಿ.

ಚಿಕಿತ್ಸೆ ಶುರುವಾಗುವ ಮುನ್ನವೇ ಹೇಳಬೇಕಾದ ಎರಡು ಸಂಗತಿಗಳಿವೆ. ಬಿಪಿ, ಸಕ್ಕರೆ, ಥೈರಾಯ್ಡ್ ಎಂದು ಈಗಾಗಲೇ ನುಂಗುತ್ತಿರುವ ಮಾತ್ರೆಗಳು, ಊರಿನಿಂದ ತಂದ ಕಷಾಯ, ಲೇಹ್ಯ ಎಲ್ಲದರ ಪಟ್ಟಿ ಕೊಡಿ. ಇನ್ನು, ಮುಂದೆ ಮಗು ಬೇಕೆನ್ನುವ ಕಿರಿಯ ವಯಸ್ಸಿನವರು ಕೀಮೋಗೆ ಮೊದಲೇ ಕೇಳಬೇಕು. ಕೀಮೋ ಅಂಡಾಶಯವನ್ನು ಬಾಧಿಸಬಲ್ಲದು. ಅಂಡಾಣುಗಳನ್ನು ತೆಗೆದಿರಿಸುವಂಥ ಉಪಾಯಗಳಿಗೆ ಅವಕಾಶವಿರುವುದು ಆಗಲೇ.

ಓಡಾಟದ ಬಗ್ಗೆಯೂ ತಿಳಿದಿರಲಿ. ಮುಂಬಯಿ ಲೋಕಲ್‌ನ ದಿವ್ಯಾಂಗರ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣಿಸಬಹುದು. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ, ಕೂದಲು ಇನ್ನೂ ಇದೆಯೆಂದು ಯಾರಾದರೂ ಆಕ್ಷೇಪಿಸಿದರೆ ತೋರಿಸಬಹುದು. ಊರಿಂದ ಬರುವವರಿಗೆ ರೈಲಿನ ರಿಯಾಯಿತಿ ದೊಡ್ಡದು: ಚಿಕಿತ್ಸೆಗೆಂದು ಹೋಗಿಬರುವ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ಉಚಿತ, ಜೊತೆಗಾರರಿಗೆ ಅದೇ ದರ್ಜೆಗಳಲ್ಲಿ ಶೇ 75 ರಿಯಾಯಿತಿ. ಆಸ್ಪತ್ರೆಯಲ್ಲಿ ನಿಗದಿತ ನಮೂನೆಯನ್ನು ತುಂಬಿಸಿಕೊಳ್ಳಬೇಕು. ಉಳಿದುಕೊಳ್ಳಲು ದಾದರಿನ ಸಂತ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿಯ ರುಗ್ಣ ಸೇವಾ ಸದನದಂಥ ತಾಣಗಳಿವೆ. ಹಣದ ಅಡಚಣೆಯಿದ್ದರೆ ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಮೊದಲ ವಾರವೇ ಕಾಣಿ. ಒಡವೆ ಅಡವಿಟ್ಟ ಮೇಲೆ ಹೋಗುವ ಜಾಗವಲ್ಲ ಅದು.

ಎರಡನೇ ಹೆಜ್ಜೆ: ಶಸ್ತ್ರಚಿಕಿತ್ಸೆಯ ನಂತರ ಕೈಯ ಆರೈಕೆ

ಎಲ್ಲರ ಗಮನ ಎದೆಯ ಗಾಯದ ಮೇಲಿರುತ್ತದೆ. ಮುಂದೆ ವರ್ಷಗಳ ಕಾಲ ಗಮನ ಕೊಡಬೇಕಾದುದು ಮಾತ್ರ ಆ ಬದಿಯ ಕೈಗೆ.

ಮನೆಗೆ ಬರುವಾಗ ಗಾಯದೊಳಗಿನ ದ್ರವವನ್ನು ಹೊರತೆಗೆಯುವ ಡ್ರೈನ್ ನಳಿಕೆ ಇರಬಹುದು. ದಿನಾ ಒಂದೇ ಹೊತ್ತಿಗೆ ಅಳತೆ ನೋಡಿ ಮಿಲಿಲೀಟರ್‌ನಲ್ಲಿ ಬರೆದಿಡಿ. ಸಾಮಾನ್ಯವಾಗಿ 24 ಗಂಟೆಗೆ 30 ಮಿಲಿಲೀಟರ್‌ಗಿಂತ ಕಡಿಮೆಯಾದಾಗ ತೆಗೆಯುತ್ತಾರೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿದೆ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಲಾಡಿಯಿರುವ ಪುಟ್ಟ ಚೀಲ ಹೊಲಿದು ಅದರಲ್ಲಿ ಬಾಟಲಿಯಿಟ್ಟು ಕೊರಳಿಗೆ ಹಾಕಿಕೊಂಡರೆ ನಳಿಕೆ ಜಗ್ಗುವುದಿಲ್ಲ. ಡ್ರೈನ್ ತೆಗೆದ ಮೇಲೆ ಅಲ್ಲಿ ನೀರು ತುಂಬಿದಂತೆ ಉಬ್ಬಿದರೆ ಹೆದರಬೇಡಿ, ಹಿಸುಕಲೂ ಹೋಗಬೇಡಿ. ಆಸ್ಪತ್ರೆಯಲ್ಲಿ ಸೂಜಿಯಿಂದ ತೆಗೆಯುತ್ತಾರೆ.

ವ್ಯಾಯಾಮ ಮೊದಲ ದಿನಗಳಿಂದಲೇ ಆರಂಭ. ಮುಷ್ಟಿ ಬಿಗಿದು ಬಿಚ್ಚುವುದು, ಮೊಣಕೈ ಮಡಿಸಿ ಚಾಚುವುದು, ಭುಜವನ್ನು ಮೆಲ್ಲಗೆ ತಿರುಗಿಸುವುದು. ಡ್ರೈನ್ ಇರುವವರೆಗೆ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಬೇಡಿ ಎನ್ನುವುದು ವಾಡಿಕೆ. ಅದಾದ ಬಳಿಕ, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ, ಗೋಡೆಯ ಮೇಲೆ ಬೆರಳುಗಳನ್ನು ನಡೆಸುವ ವ್ಯಾಯಾಮ. ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಹೋಗಿ, ಎಳೆತ ಸಿಕ್ಕಲ್ಲಿ ನಿಂತು, ನಾಲ್ಕು ಉಸಿರು ತೆಗೆದುಕೊಂಡು, ಅದೇ ದಾರಿಯಲ್ಲಿ ಕೆಳಗಿಳಿಸಬೇಕು. ಕೈ ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಡೊಂಬಿವಿಲಿಯ ಒಂದು ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಸ್ವಿಚ್ಚಿನ ಮಟ್ಟದಿಂದ ಹೊರಟ ಗೆರೆಗಳು ಡಬ್ಬಿಗಳ ಶೆಲ್ಫಿನ ತನಕ ಏರಿದ್ದನ್ನು ನಾನು ನೋಡಿದ್ದೇನೆ. ಬಾಡಿಗೆ ಮನೆಯ ಗೋಡೆ ಹಾಳಾಯಿತೆಂದು ಆ ಮನೆಯಲ್ಲಿ ಯಾರೂ ಚಿಂತಿಸಲಿಲ್ಲ. ಎಳೆತ ಸರಿ, ಚುಚ್ಚುವಂಥ ನೋವು ಸರಿಯಲ್ಲ. ಅಂಥ ನೋವಾದರೆ ನಿಲ್ಲಿಸಿ, ಕೇಳಿ. ಕಂಕುಳಿಂದ ಮೊಣಕೈಯವರೆಗೆ ಚರ್ಮದಡಿ ತಂತಿ ಬಿಗಿದಂತೆ ಕಂಡರೂ ಹೇಳಿ. ಅದು ಹಲವರಿಗೆ ಆಗುತ್ತದೆ, ವ್ಯಾಯಾಮದಿಂದ ಸಡಿಲಗೊಳ್ಳುತ್ತದೆ.

ಇನ್ನು ಕೈಬಾವಿನ ಮಾತು. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಾಗ, ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ಕೈಯಿಂದ ದ್ರವ ಹಿಂದಿರುಗುವ ದಾರಿ ಕಿರಿದಾಗುತ್ತದೆ. ಒಂದೆರಡೇ ಗ್ರಂಥಿ ತೆಗೆದು ಪರೀಕ್ಷಿಸಿದವರಿಗೆ ಈ ಅಪಾಯ ಕಡಿಮೆ, ಪೂರ್ತಿ ತೆಗೆದವರಿಗೆ ಹೆಚ್ಚು. ಬಾವು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರವೂ ಬರಬಹುದು. ಮೊದಲ ಸೂಚನೆಯನ್ನು ನಮ್ಮ ಹೆಂಗಸರು ಯಾವ ಯಂತ್ರವೂ ಇಲ್ಲದೆ ಗುರುತಿಸಬಲ್ಲರು. ಯಾವಾಗಲೂ ಸಲೀಸಾಗಿ ಏರುತ್ತಿದ್ದ ಗಾಜಿನ ಬಳೆ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ, ಉಂಗುರ ತಿರುಗುವುದಿಲ್ಲ, ಕುಪ್ಪಸದ ತೋಳು ಗುರುತು ಬಿಡುತ್ತದೆ. ‘ದಪ್ಪಗಾಗಿದ್ದೇನೆ’ ಎಂದು ಸೋಪು ಹಚ್ಚಿ ಬಳೆ ತೊಡಿಸಿಕೊಳ್ಳಬೇಡಿ. ಎರಡೂ ಕೈಗಳ ಮಣಿಕಟ್ಟು, ಮೊಣಕೈಯಿಂದ ಹತ್ತು ಸೆಂಟಿಮೀಟರ್ ಕೆಳಗೆ, ಹತ್ತು ಸೆಂಟಿಮೀಟರ್ ಮೇಲೆ ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಅಳೆದು ಬರೆಯಿರಿ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಮ್ಮೆ ಅಳೆದಿಟ್ಟರೆ ಹೋಲಿಸಲು ಇನ್ನೂ ಸುಲಭ. ಎರಡು ಸೆಂಟಿಮೀಟರಿನಷ್ಟು ಹೆಚ್ಚಿದರೆ ಮುಂದಿನ ತಪಾಸಣೆಯವರೆಗೆ ಕಾಯುವುದು ಬೇಡ. ಆರಂಭದಲ್ಲೇ ಬಂದವರಿಗೆ ಒತ್ತಡದ ತೋಳುಚೀಲ, ಮಸಾಜು, ವ್ಯಾಯಾಮಗಳಿಂದ ಬಹಳ ಗುಣ ಕಾಣುತ್ತದೆ. ಈ ಮಸಾಜನ್ನು ಕಲಿತವರೇ ಮಾಡಬೇಕು, ಎಣ್ಣೆ ಹಚ್ಚಿ ತಿಕ್ಕುವ ಮಸಾಜು ಅಲ್ಲ.

ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಿ. ಈಳಿಗೆಮಣೆ, ತೆಂಗಿನಕಾಯಿ ತುರಿಯುವ ಮಣೆ, ಮೀನಿನ ಮುಳ್ಳು, ಒಗ್ಗರಣೆಯ ಎಣ್ಣೆ ಇವೆಲ್ಲ ನಮ್ಮ ಅಡುಗೆಮನೆಯ ಅಪಾಯಗಳು. ತರಚಿದರೆ ತೊಳೆದು ಔಷಧ ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಅದು ಸೋಂಕು.

‘ಇನ್ನು ಜೀವಮಾನವಿಡೀ ಆ ಕೈಯಲ್ಲಿ ಏನನ್ನೂ ಎತ್ತಬಾರದು’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆರಂಭದ ವಾರಗಳಲ್ಲಿ ತುಂಬಿದ ಬಕೆಟ್ ಎತ್ತಬಾರದು, ನಿಜ. ಆಮೇಲೂ ಕೈಯನ್ನು ಕಟ್ಟಿಹಾಕಿದರೆ ಅದು ಸೊರಗುತ್ತದೆ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ಮಹಿಳೆಯರ ಕುರಿತು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಭಾರ ಎತ್ತುವ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲವೆಂದು ತೋರಿಸಿತು. ಅರ್ಧ ಕಿಲೋದಿಂದ ಆರಂಭಿಸಿ, ಫಿಸಿಯೋಥೆರಪಿಸ್ಟ್ ಹೇಳಿದಂತೆ ಏರಿಸುತ್ತ ಹೋಗಿ.

ಮೂರನೇ ಹೆಜ್ಜೆ: ಕೀಮೋ ನಡೆಯುವಾಗ

ಮನೆಯಲ್ಲಿ ಥರ್ಮಾಮೀಟರ್ ಇಲ್ಲದೆ ಕೀಮೋ ಆರಂಭಿಸಬೇಡಿ. ಪ್ರತಿ ಕೀಮೋದ ನಂತರ ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ನೋಡೋಣ ಎನ್ನುವಂತಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಮಲೇರಿಯಾ, ಡೆಂಗಿ, ಲೆಪ್ಟೋ (ಇಲಿಜ್ವರ) ಎಲ್ಲವೂ ಇರುವುದರಿಂದ ಮನೆಯವರು ‘ಮಳೆ ಜ್ವರ’ ಎಂದು ಬೀದಿಯ ಕ್ಲಿನಿಕ್ಕಿಗೆ ಕರೆದೊಯ್ಯುವುದುಂಟು. ಎಲ್ಲಿ ಹೋದರೂ ಬಾಯಿಂದ ಬರಬೇಕಾದ ಮೊದಲ ಮಾತು ‘ಕೀಮೋ ಆಗಿದೆ, ಇಂದು ಇಷ್ಟನೇ ದಿನ’ ಎಂಬುದು.

ವಾಂತಿ ತಡೆಯುವ ಮಾತ್ರೆಗಳನ್ನು ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ನುಂಗಿ, ವಾಂತಿ ಶುರುವಾಗಲೆಂದು ಕಾಯಬೇಡಿ. ಕೆಂಪು ಬಣ್ಣದ ಕೀಮೋ ಔಷಧ ಕೊಟ್ಟರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ. ಆ ಎರಡು ದಿನ ವಾಂತಿ, ಮೂತ್ರ ಶುಚಿಮಾಡುವವರು ಕೈಗವಸು ಹಾಕಿಕೊಳ್ಳಲಿ. ಬಾಯಿಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ಉಪ್ಪಿನಕಾಯಿ, ಚಟ್ನಿಪುಡಿಯನ್ನು ಕೆಲವು ದಿನ ಮರೆಯಿರಿ.

ಊಟದ ಬಗ್ಗೆ ನೆಂಟರಿಷ್ಟರ ಸಲಹೆಗಳಿಗೆ ಕೊನೆಯಿಲ್ಲ. ಹಾಲು ಬಿಡಿ, ಬೆಲ್ಲ ಬಿಡಿ, ಅನ್ನ ಬಿಡಿ ಎನ್ನುವವರ ಮಾತು ಕೇಳಿ ಬರೀ ಹಣ್ಣಿನ ರಸದಲ್ಲಿ ದಿನ ದೂಡಿದವರನ್ನು ಕಂಡು ನನಗೆ ಸಂಕಟವಾಗಿದೆ. ಚಿಕಿತ್ಸೆಯನ್ನು ತಾಳಲು ದೇಹಕ್ಕೆ ಪ್ರೋಟೀನ್ ಬೇಕು. ಕುಚ್ಚಲಕ್ಕಿ ಗಂಜಿಗೆ ಹೆಸರುಬೇಳೆ ಬೆರೆಸಿ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಖಾರ ಕಡಿಮೆಯಿರುವ ಮೀನಿನ ಸಾರು, ರಾಗಿ ಅಂಬಲಿ, ಮೃದುವಾದ ಜೋಳದ ರೊಟ್ಟಿ ಸಾರಿನಲ್ಲಿ ನೆನೆಸಿದ್ದು: ಇವನ್ನೇ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ. ಬಿಸಿಯಾಗಿದ್ದು, ಮನೆಯಲ್ಲೇ ಬೆಂದದ್ದು ಇರಲಿ. ಆಸ್ಪತ್ರೆಯ ಹೊರಗಿನ ಕತ್ತರಿಸಿಟ್ಟ ಹಣ್ಣು, ಪಾನಿಪೂರಿ ಕೀಮೋ ಮುಗಿಯುವವರೆಗೆ ಬೇಡ. ಇದಕ್ಕೆ ವಿರುದ್ಧದ ತಪ್ಪೂ ಇದೆ: ಶಕ್ತಿ ಬರಲೆಂದು ತುಪ್ಪ, ಉಂಡೆ ತುರುಕುವುದು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಹಳ ಜನರ ತೂಕ ಇಳಿಯುವ ಬದಲು ಏರುತ್ತದೆ, ಅದು ಒಳ್ಳೆಯದಲ್ಲ. ವಾರಕ್ಕೊಮ್ಮೆ ತೂಕ ನೋಡಿ.

ಕೂದಲು ಮೊದಲ ಕೀಮೋದ ಎರಡು ಮೂರು ವಾರಗಳಲ್ಲಿ ಉದುರತೊಡಗುತ್ತದೆ. ಉದುರುವ ಮುನ್ನವೇ ಗಿಡ್ಡಗೆ ಕತ್ತರಿಸಿಕೊಂಡರೆ ದಿಂಬಿನ ಮೇಲೆ ಹಿಡಿಹಿಡಿಯಾಗಿ ಕಾಣುವ ನೋವು ಸ್ವಲ್ಪ ತಗ್ಗುತ್ತದೆ. ನಮ್ಮ ಹಿರಿಯ ಹೆಂಗಸರಿಗೆ ಬೋಳುತಲೆಯೊಂದಿಗೆ ವಿಧವೆಯರ ಮೇಲೆ ಹೇರಿದ್ದ ಹಳೆಯ ಕ್ರೌರ್ಯದ ನೆನಪು ಅಂಟಿಕೊಂಡಿದೆ. ಗಂಡ ಬದುಕಿರುವಾಗ ಹೀಗಾಯಿತಲ್ಲ ಎಂದು ಅವರು ಅಳುವುದನ್ನು ‘ಕೂದಲು ತಾನೇ, ಬರುತ್ತದೆ’ ಎಂದು ತಳ್ಳಿಹಾಕಬೇಡಿ. ಅವರ ಜೊತೆ ಕುಳಿತುಕೊಳ್ಳಿ. ಕುಂಕುಮ, ಹೂವು ಬಿಡಬೇಕಾದ ಕಾರಣವೇನೂ ಇಲ್ಲ. ತೆಳು ಹತ್ತಿಯ ರುಮಾಲಿಗೆ ಮಲ್ಲಿಗೆ ಸಿಕ್ಕಿಸಿಕೊಂಡು ಕೀಮೋಗೆ ಬರುವವರಿದ್ದಾರೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಹೊಸ ಕೂದಲು ಚಿಗುರುತ್ತದೆ, ಮೊದಮೊದಲು ಗುಂಗುರಾಗಿಯೂ ಬರಬಹುದು.

ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಗಳಿಂದ ಬೆರಳು, ಪಾದ ಜೋಮು ಹಿಡಿಯುತ್ತವೆ. ಕುಪ್ಪಸದ ಹುಕ್ಕು ಹಾಕಲಾಗುತ್ತಿಲ್ಲ, ಕಾಲಿನ ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ ಎಂದರೆ ಮುಂದಿನ ಕೀಮೋಗೆ ಮೊದಲೇ ಹೇಳಿ. ಪ್ರಮಾಣ ಬದಲಿಸಲು ಅವಕಾಶವಿರುವುದು ಆಗಲೇ.

ನಾಲ್ಕನೇ ಹೆಜ್ಜೆ: ರೇಡಿಯೇಷನ್ ಮತ್ತು ಆಯಾಸ

ಈಗ ಬಹಳ ಮಂದಿಗೆ ರೇಡಿಯೇಷನ್ ಮೂರು ವಾರದಲ್ಲಿ 15 ಸರದಿಗಳಲ್ಲಿ ಮುಗಿಯುತ್ತದೆ, ಆಯ್ದ ಕೆಲವರಿಗೆ ಒಂದು ವಾರದ ಐದು ಸರದಿಗಳಲ್ಲೇ. ನೋವಿಲ್ಲ, ಚರ್ಮ ಮಾತ್ರ ಬಿಸಿಲಿಗೆ ಕಂದಿದಂತೆ ಕೆಂಪಾಗುತ್ತದೆ. ಅರಿಸಿನ, ಪೌಡರ್, ಸುಗಂಧದ ಎಣ್ಣೆ ಏನನ್ನೂ ಹಚ್ಚಬೇಡಿ. ಮುಂಬಯಿಯ ಸೆಕೆಯಲ್ಲಿ ಸ್ತನದ ಅಡಿ, ಕಂಕುಳಲ್ಲಿ ಬೆವರು ನಿಲ್ಲದಂತೆ ಸಡಿಲವಾದ ಹತ್ತಿ ಬಟ್ಟೆ ಧರಿಸಿ.

ಆಯಾಸ ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಇರುತ್ತದೆ. ರಕ್ತಹೀನತೆ, ಥೈರಾಯ್ಡ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಇದಕ್ಕೆ ಹಾಸಿಗೆಗಿಂತ ನಡಿಗೆಯೇ ಒಳ್ಳೆಯ ಮದ್ದು. ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲೋ ಕಟ್ಟಡದ ಆವರಣದಲ್ಲೋ ಹತ್ತು ನಿಮಿಷದಿಂದ ಆರಂಭಿಸಿ, ವಾರದಲ್ಲಿ ಒಟ್ಟು 150 ನಿಮಿಷದತ್ತ ಸಾಗಿ. ಯೋಗವನ್ನೂ ಟಾಟಾ ಆಸ್ಪತ್ರೆಯ ವೈದ್ಯರು ಸ್ತನ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷಾ ಅಧ್ಯಯನದಲ್ಲಿ ಅಳವಡಿಸಿದ್ದಾರೆ. ಅದು ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗೆ ಅಲ್ಲ. ಹೇಳಿಕೊಡುವವರಿಗೆ ಶಸ್ತ್ರಚಿಕಿತ್ಸೆಯಾದ ಬದಿ ಯಾವುದೆಂದು ತಿಳಿದಿರಬೇಕು.

ಐದನೇ ಹೆಜ್ಜೆ: ಮನಸ್ಸಿನ ಮಾತು

ಚಿಕಿತ್ಸೆ ನಡೆಯುವಾಗ ಧೈರ್ಯವಾಗಿದ್ದವರು ಕೊನೆಯ ದಿನ ಮುಗಿದ ಮೇಲೆ ಕುಸಿಯುವುದು ಹೆಚ್ಚು. ಮನೆಯವರಿಗೆ ಹಬ್ಬ, ಆಕೆಗೆ ಮಾತ್ರ ಕೈಬಿಟ್ಟಂತಾಗಿರುತ್ತದೆ. ನರ್ಸಮ್ಮನಿಲ್ಲ, ಪಕ್ಕದ ಕುರ್ಚಿಯ ಗೆಳತಿಯಿಲ್ಲ, ಬೆನ್ನು ನೋವು ಬಂದರೂ ‘ಮತ್ತೆ ಬಂತೇ’ ಎಂಬ ದಿಗಿಲು. ತಪಾಸಣೆಯ ಹಿಂದಿನ ವಾರ ನಿದ್ದೆ ಹಾರುತ್ತದೆ. ಇದೆಲ್ಲ ಸಹಜ, ಇದನ್ನು ದೌರ್ಬಲ್ಯವೆಂದು ಎಣಿಸಬಾರದು. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ನಿದ್ದೆ ಕೆಟ್ಟಿದೆ, ಎಲ್ಲದಕ್ಕೂ ಅಳು ಎಂದರೆ ಅದಕ್ಕೂ ಚಿಕಿತ್ಸೆಯಿದೆ. ಆಸ್ಪತ್ರೆಯ ಮನಃಶಾಸ್ತ್ರಜ್ಞರನ್ನು ಕಾಣಬೇಕೆಂದು ನೀವೇ ಕೇಳಿ. ಕನ್ನಡದಲ್ಲೇ ಮಾತನಾಡಬೇಕೆಂದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಬದುಕೇ ಬೇಡವೆನಿಸಿದರೆ ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಊರಿಂದ ಬಂದ ತಾಯಂದಿರ ಒಂಟಿತನ. ಕಾಂದಿವಲಿಯ ಎಂಟನೇ ಮಹಡಿ, ಮಗ ಸೊಸೆ ಕೆಲಸಕ್ಕೆ ಹೋದರೆ ರಾತ್ರಿಯವರೆಗೆ ಮಾತಿಲ್ಲ. ಎದುರುಮನೆಯವರ ಭಾಷೆ ಬಾರದು. ಮುಂಬಯಿಯಲ್ಲಿ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್ ಹೀಗೆ ನಮ್ಮ ಸಂಸ್ಥೆಗಳಿಗೆ ಬರವಿಲ್ಲ, ಅವುಗಳಲ್ಲಿ ಮಹಿಳಾ ವಿಭಾಗಗಳೂ ಇವೆ. ಅಲ್ಲಿಗೆ ಹೋಗಿ ಕೇಳಿ. ದುಡ್ಡಲ್ಲ, ವಾರಕ್ಕೊಂದು ಮಧ್ಯಾಹ್ನ ಮನೆಗೆ ಬಂದು ಮಾತನಾಡಿಸಿ ಹೋಗುವ ಒಬ್ಬರು ಬೇಕೆಂದು ಕೇಳಿ. ಹೀಗೆ ಕೇಳಲು ಮಗನಿಗೆ ಮುಜುಗರವಾದರೆ ಸೊಸೆ ಕೇಳಲಿ.

‘ಯಾವ ಜನ್ಮದ ಪಾಪವೋ’ ಎನ್ನುವ ನೆಂಟರನ್ನು ಕೋಣೆಯ ಹೊರಗೇ ತಡೆಯುವುದು ಗಂಡನ ಕೆಲಸ. ಕ್ಯಾನ್ಸರ್ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆಯಿಡುವ ಮನೆಯಲ್ಲಿ ಯಾವ ಔಷಧವೂ ಮನಸ್ಸಿಗೆ ಹಿಡಿಯುವುದಿಲ್ಲ. ಮಕ್ಕಳಿಗೆ ಕಾಯಿಲೆಯ ಹೆಸರನ್ನೇ ಹೇಳಿ, ಇದು ನಿನ್ನಿಂದಾದದ್ದಲ್ಲ ಎಂದೂ ಹೇಳಿ.

ಗಾಯವನ್ನು ಮೊದಲ ಸಲ ಕನ್ನಡಿಯಲ್ಲಿ ನೋಡುವ ದಿನವನ್ನು ಆಕೆಯೇ ಆರಿಸಲಿ. ಗಂಡನಿಗೆ ತೋರಿಸುವ ದಿನವನ್ನೂ ಆಕೆಯೇ. ಒಂದು ಸ್ತನ ತೆಗೆದವರು ಒಳಗೆ ಇಟ್ಟುಕೊಳ್ಳಲು ಹತ್ತಿಯ, ನೂಲಿನಿಂದ ಹೆಣೆದ, ಸಿಲಿಕಾನಿನ ಕೃತಕ ಸ್ತನಗಳು ಸಿಗುತ್ತವೆ. ಗಾಯ ಪೂರ್ತಿ ಮಾಗುವ ತನಕ ಹಗುರವಾದದ್ದೇ ಸರಿ. ದಾಂಪತ್ಯ ಸುಖ ಕ್ಯಾನ್ಸರ್ ಮರಳಲು ಕಾರಣವಾಗುವುದಿಲ್ಲ. ಔಷಧಗಳಿಂದ ಯೋನಿ ಒಣಗಿ ನೋವಾಗುವುದು ಸಾಮಾನ್ಯ, ಅದಕ್ಕೆ ಉಪಾಯಗಳಿವೆ. ಮಹಿಳಾ ವೈದ್ಯರನ್ನೋ ನರ್ಸನ್ನೋ ಕೇಳಿ. ಚಿಕಿತ್ಸೆ ನಡೆಯುವಾಗ, ಟ್ಯಾಮೋಕ್ಸಿಫೆನ್ ಎಂಬ ಹಾರ್ಮೋನ್ ತಡೆಯುವ ಮಾತ್ರೆ ನುಂಗುವಾಗ ಗರ್ಭ ನಿಲ್ಲಬಾರದು, ಹಾಗೆಂದು ಹಾರ್ಮೋನಿನ ಗರ್ಭನಿರೋಧಕ ಮಾತ್ರೆಯೂ ಸಲ್ಲದು.

ಆರನೇ ಹೆಜ್ಜೆ: ವರ್ಷಗಟ್ಟಲೆಯ ಮಾತ್ರೆ, ತಪಾಸಣೆ, ಕಡತ

ಹಾರ್ಮೋನ್ ಆಧಾರಿತ ಕ್ಯಾನ್ಸರ್ ಆಗಿದ್ದವರಿಗೆ ಟ್ಯಾಮೋಕ್ಸಿಫೆನ್ ಅಥವಾ ಲೆಟ್ರೋಜೋಲ್‌ನಂಥ ಮಾತ್ರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೆ. ಮೈ ಬಿಸಿಯೇರಿ ಬೆವರುವುದು, ಕೀಲು ನೋವು ಎಂದು ಹೇಳದೆ ಕೇಳದೆ ಬಿಟ್ಟುಬಿಡುವವರು ಹಲವರು. ಬಿಡಬೇಡಿ, ಹೇಳಿ, ಮಾತ್ರೆ ಬದಲಿಸುವ, ತೊಂದರೆ ತಗ್ಗಿಸುವ ದಾರಿಗಳಿವೆ. ಟ್ಯಾಮೋಕ್ಸಿಫೆನ್ ನುಂಗುವವರಿಗೆ ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ಒಂದು ಮೀನಖಂಡ ಊದಿ ನೋವಾದರೆ ತಡಮಾಡಬಾರದು. ಖಿನ್ನತೆಯ ಕೆಲವು ಮಾತ್ರೆಗಳು ಟ್ಯಾಮೋಕ್ಸಿಫೆನ್‌ನ ಕೆಲಸವನ್ನು ಕುಂದಿಸುತ್ತವೆ, ಆದ್ದರಿಂದ ಇಬ್ಬರು ವೈದ್ಯರಿಗೂ ಎರಡೂ ಔಷಧಗಳ ಹೆಸರು ಗೊತ್ತಿರಲಿ. ಲೆಟ್ರೋಜೋಲ್ ಗುಂಪಿನವು ಮೂಳೆ ಸವೆಸುತ್ತವೆ. ಮೂಳೆ ಸಾಂದ್ರತೆಯ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ. ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದು ಪಡೆಯುವವರ ಹೃದಯವನ್ನು ಎಕೋ ಪರೀಕ್ಷೆಯಿಂದ ಆಗಾಗ ನೋಡುತ್ತಿರಬೇಕು.

ತಪಾಸಣೆ ಸಾಮಾನ್ಯವಾಗಿ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದನೇ ವರ್ಷದವರೆಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಉಳಿದ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೋಗ್ರಾಮ್. ಲಕ್ಷಣವೇನೂ ಇಲ್ಲದಿದ್ದರೆ ಸಮಾಧಾನಕ್ಕೆಂದು ಸಾವಿರಾರು ರೂಪಾಯಿ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಹೊಸ ಗಂಟು, ಒಂದೇ ಜಾಗದಲ್ಲಿ ಎರಡು ವಾರ ಬಿಡದ ಮೂಳೆನೋವು, ಉಬ್ಬಸ, ಬಿಡದ ತಲೆನೋವು ಇದ್ದರೆ ದಿನಾಂಕಕ್ಕೆ ಕಾಯದೆ ಹೋಗಿ.

ಊರಿಗೆ ಮರಳುವವರು ಕಡತವನ್ನು ಪೂರ್ತಿ ಮಾಡಿಸಿಕೊಂಡೇ ರೈಲು ಹತ್ತಬೇಕು. ಬಿಡುಗಡೆಯ ಸಾರಾಂಶ, ಕ್ಯಾನ್ಸರಿನ ಬಗೆ ತಿಳಿಸುವ ಇಆರ್, ಪಿಆರ್, ಹರ್‌2 ಫಲಿತಾಂಶವಿರುವ ಪೆಥಾಲಜಿ ವರದಿ, ಕೀಮೋ ಔಷಧಗಳ ಹೆಸರು ಮತ್ತು ಪ್ರಮಾಣ, ಯಾವ ಭಾಗಕ್ಕೆ ಎಷ್ಟು ರೇಡಿಯೇಷನ್ ಎಂಬ ವಿವರ, ಈಗಿನ ಮಾತ್ರೆಗಳ ಚೀಟಿ. ಎಲ್ಲದರ ಫೋಟೋ ಮಗನ ಮೊಬೈಲಿನಲ್ಲೂ ಅಮ್ಮನ ಮೊಬೈಲಿನಲ್ಲೂ ಇರಲಿ. ಬೆಂಗಳೂರಿನ ಕಿದ್ವಾಯಿಯಲ್ಲೋ ಮಣಿಪಾಲದಲ್ಲೋ ತಪಾಸಣೆ ಮುಂದುವರಿಸಬಹುದೇ ಎಂದು ಇಲ್ಲಿನ ವೈದ್ಯರನ್ನೇ ಕೇಳಿ ಪತ್ರ ಬರೆಸಿಕೊಳ್ಳಿ. ಮೂಲ ಪ್ರತಿಗಳನ್ನು ಸೀಟಿನಡಿಯ ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲಿಡಿ, ನೋಟುಪುಸ್ತಕವನ್ನೂ ಅದರ ಜೊತೆಗೇ.